ಎಡೆದೊರೆ ನಾಡಿನ ಮಳೆ, ಬೇಗೆ ಮತ್ತು ಬೆಳೆ

ಮಳೆಬೆಳೆಗಳ ವಿಚಾರವನ್ನು ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯುವುದೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮ ಉತ್ತರವು ಸರಳವಾದುದು. ರಾಯಚೂರು, ಮಾನ್ವಿ, ದೇವದುರ್ಗ ಈ ಮೂರು ತಾಲ್ಲೂಕುಗಳ ಬಾಲಿಕೆಯರ ಮನೆಗಳಲ್ಲಿ ಬಹುಪಾಲು ಒಕ್ಕಲುತನದ ಮನೆಗಳೇ. ಸ್ವಂತ ಹೊಲವಿಲ್ಲದವರಾದರೂ ಕೂಲಿಯಿಂದಲೋ, ಗಂಜಿನ ವ್ಯಾಪಾರದಿಂದಲೋ, ಅಕ್ಕಿಯ ಗಿರಣಿಯಿಂದಲೋ ಜೀವಿಸುವವರಾದುದರಿಂದ ಅವರ ಗಂಜಿಯೂ ಮಳೆಯ ಕೈಯಲ್ಲಿಯೇ ಇದೆ. ಹಿಂಗಾರಿ ಕೈಕೊಟ್ಟ ವರ್ಷ ದಸರೆ ಕಳೆಯುತ್ತಲೇ ದೇವದುರ್ಗದ ಕಡೆಯ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೊರಡುವುದನ್ನು ನಾವೆಲ್ಲರೂ ಬಲ್ಲೆವು. ತಾಯಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದರೆ ಹಸುಗೂಸನ್ನು ಆಡಿಸಲು ದೊಡ್ಡ ಮಗಳು ಜೊತೆಗೆ ಹೋಗಬೇಕಾಗುತ್ತದೆ. ತಮ್ಮನ ಹೆಸರು ಶಾಲೆಯ ಪಟ್ಟಿಯಲ್ಲಿ ಉಳಿದರೂ ಆಕೆಯ ಹೆಸರು ಉಳಿಯುವುದಿಲ್ಲ. ಆದುದರಿಂದ ಹವೆಯ ವ್ಯತ್ಯಾಸವು ಹೆಣ್ಣುಮಕ್ಕಳ ವಿದ್ಯೆಗೆ ಸಂಬಂಧಪಡದ ವಿಷಯವೆಂದು ಯಾರೂ ಹೇಳಲಾರರು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭೂಮಿಗೆ ಹಳೆಯ ಶಾಸನಗಳಲ್ಲಿ ಎಡೆದೊರೆಯೆಂಬ ಹೆಸರುಂಟು. ಎರಡು ಮಹಾನದಿಗಳ ಮಧ್ಯದಲ್ಲಿದ್ದರೂ ಈ ನಾಡು ಬಾಯಾರಿದ ನಾಡೇ ಸರಿ. ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 600 ರಿಂದ 650 ಮಿಲಿಮೀಟರು, ಎಂದರೆ ಇಪ್ಪತ್ತೈದು ಅಂಗುಲಗಳ ಆಸುಪಾಸು. ಅದರಲ್ಲಿಯೂ ಸೆಪ್ಟೆಂಬರ್ ತಿಂಗಳ ಪಾಲೇ ಹೆಚ್ಚು. ಕೃಷಿ ಇಲಾಖೆಯವರು ನಾಡನ್ನು ಹವೆಗೆ ತಕ್ಕಂತೆ ವಿಂಗಡಿಸುವಾಗ ರಾಯಚೂರು, ಮಾನ್ವಿ, ದೇವದುರ್ಗಗಳನ್ನು ಕಲಬುರ್ಗಿಯ ಕಡೆಯ ತಾಲ್ಲೂಕುಗಳೊಡನೆ ಸೇರಿಸಿ ಈಶಾನ್ಯ ಒಣವಲಯವೆಂದು ಕರೆದಿದ್ದಾರೆ. ನಮ್ಮ ಮೂರು ತಾಲ್ಲೂಕುಗಳ ಹಣೆಯ ಬರಹವನ್ನು ಒಂದೇ ಶಬ್ದದಲ್ಲಿ ಹೇಳಬೇಕಾದರೆ ಅದು ಒಣ ಎಂಬುದೇ.

ಇಷ್ಟು ಕಡಮೆ ಮಳೆಯಲ್ಲಿ ನಮ್ಮ ಹಿರಿಯರು ಬದುಕಿದುದು ಹೇಗೆ? ಎರೆಯ ಮಣ್ಣಿನ ಗುಣದಿಂದ. ಈ ಕರಿಯ ಜಿಗುಟು ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಆಳವಾದ ಎರೆಯಾದರೆ ಒಂದು ಮೀಟರು ದಪ್ಪದ ಮಣ್ಣು ಸುಮಾರು ಆರೇಳು ಅಂಗುಲ ಮಳೆಯಷ್ಟು ನೀರನ್ನು ಪೈರಿನ ಬೇರಿಗೆ ದೊರೆಯುವಂತೆ ಹಿಡಿದಿಟ್ಟುಕೊಳ್ಳಬಲ್ಲದು. ಮುಂಗಾರಿಯಲ್ಲಿ ಹೊಲವನ್ನು ಹರಗಿ ಖಾಲಿ ಬಿಟ್ಟು, ಉತ್ತರಿಯ ಮಳೆಯಲ್ಲಿ ನೆಲ ತಣಿದ ಮೇಲೆ ಬಿಳಿಜೋಳವನ್ನು ಬಿತ್ತಿದರೆ, ಅನಂತರ ಒಂದು ಹನಿ ಬೀಳದಿದ್ದರೂ ಭೂಮಿಯೊಳಗಿನ ಹಸಿಯಿಂದಲೇ ಆ ಜೋಳವು ತೆನೆಯಾಗುತ್ತಿತ್ತು. ಮೇಲೆ ಚಳಿಗಾಲದ ಇಬ್ಬನಿ, ಕೆಳಗೆ ಮಣ್ಣಿನ ಉಳಿತಾಯ. ಮಣ್ಣೇ ಒಕ್ಕಲಿಗನ ಕೆರೆಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಆದರೆ ಈ ಏರ್ಪಾಡೆಲ್ಲವೂ ಕಾಲದ ಮೇಲೆ ನಿಂತಿದೆ. ರೋಹಿಣಿಯಿಂದ ಸ್ವಾತಿಯವರೆಗೆ ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನಗಳಂತೆ ಲೆಕ್ಕ ಹಾಕಿ, ಇಂತಹ ಮಳೆಗೆ ಇಂತಹ ಬೀಜವೆಂದು ನಿಯಮಿಸಿದ್ದ ಪಂಚಾಂಗವು ಮೂಢನಂಬಿಕೆಯಲ್ಲ. ಎಷ್ಟೋ ತಲೆಮಾರುಗಳ ಅನುಭವದ ಸಾರ. ಈಗ ಕೆಟ್ಟಿರುವುದು ಮಳೆಯ ಮೊತ್ತಕ್ಕಿಂತಲೂ ಹೆಚ್ಚಾಗಿ ಆ ಪಂಚಾಂಗವೇ ಎಂಬುದು ನಮ್ಮ ಅಭಿಪ್ರಾಯ. ಈ ಮಾತನ್ನೇ ಮುಂದೆ ಸ್ವಲ್ಪ ಬಿಡಿಸಿ ಹೇಳುವೆವು.

ಮೊದಲು ಕಾರಣವನ್ನು ತಿಳಿಯಬೇಕು. ಕಲ್ಲಿದ್ದಲು, ಎಣ್ಣೆ ಇವುಗಳನ್ನು ಸುಟ್ಟಾಗ ಹುಟ್ಟುವ ಇಂಗಾಲಾಮ್ಲ ವಾಯುವು (ಈಗಿನ ಪಾಠಪುಸ್ತಕಗಳಲ್ಲಿ ಇಂಗಾಲದ ಡೈ ಆಕ್ಸೈಡ್) ಭೂಮಿಯಿಂದ ಹೊರಡುವ ಶಾಖವನ್ನು ಕಂಬಳಿಯಂತೆ ತಡೆಯುತ್ತದೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ವಾಯುವು ಇಂದು 420ನ್ನು ಮೀರಿದೆ. ಹಳೆಯ ಕಾಲಕ್ಕೆ ಹೋಲಿಸಿದರೆ ಭೂಮಂಡಲದ ಸರಾಸರಿ ಉಷ್ಣಮಾನವು ಒಂದೂವರೆ ಡಿಗ್ರಿಗಿಂತ ಹೆಚ್ಚಾಗಿ ಕಂಡುಬಂದ ಮೊದಲನೆಯ ಪೂರ್ಣ ವರ್ಷ 2024. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯಂತೆ 1901 ರಿಂದ 2018ರ ವರೆಗೆ ನಮ್ಮ ದೇಶದ ಉಷ್ಣಮಾನ ಸುಮಾರು 0.7 ಡಿಗ್ರಿ ಏರಿದೆ. ಈ ಸುಡುವ ಕಾರ್ಯ ಎಲ್ಲಿಯೋ ಪರದೇಶದಲ್ಲಿ ಮಾತ್ರ ನಡೆಯುತ್ತಿದೆಯೆಂದು ತಿಳಿಯಲಾಗದು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿ ಎಂಟು ಘಟಕಗಳಿಗೆ ಬೆಳೆದ ವಿದ್ಯುತ್ ಸ್ಥಾವರದ ಧೂಮನಾಳಗಳು ರಾಯಚೂರಿಗೆ ಬರುವವರಿಗೆಲ್ಲ ದೂರದಿಂದಲೇ ಕಾಣುತ್ತವೆ. ಈಚೆಗೆ ಯರಮರಸಿನಲ್ಲಿ ಇನ್ನೊಂದು ಎದ್ದಿದೆ. ನಾಡಿನ ಎಷ್ಟೋ ಮನೆಗಳಲ್ಲಿ ದೀಪ ಉರಿಯುವುದು ಅವುಗಳಿಂದಲೇ ಎಂಬುದೂ ನಿಜ. ದೀಪವನ್ನೂ ಬೇಡವೆನ್ನಲಾರದೆ, ಹೊಗೆಯನ್ನೂ ತಾಳಲಾರದೆ ಇರುವ ಸ್ಥಿತಿ ಇಡೀ ಲೋಕದ್ದು. ಅದು ನಮ್ಮ ಜಿಲ್ಲೆಯಲ್ಲಿ ಕಣ್ಣೆದುರಿಗೇ ನಿಂತಿದೆ.

ಏಪ್ರಿಲ್ ಮೇ ತಿಂಗಳುಗಳಲ್ಲಿ ನಲವತ್ತೆರಡು ಡಿಗ್ರಿಯ ಬಿಸಿಲನ್ನು ಕಂಡ ರಾಯಚೂರಿನವರಿಗೆ ಮುಕ್ಕಾಲು ಡಿಗ್ರಿ, ಒಂದು ಡಿಗ್ರಿಗಳೆಂಬವು ನಗೆಯ ವಿಷಯವಾಗಿ ತೋರಬಹುದು. ಹಾಗಲ್ಲ. ಗಾಳಿಯು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಇದರಿಂದ ಎರಡು ಪರಿಣಾಮಗಳುಂಟು. ಮಳೆಯಿಲ್ಲದ ದಿನಗಳಲ್ಲಿ ಬಾಯಾರಿದ ಗಾಳಿಯು ಮಣ್ಣಿನಿಂದಲೂ ಎಲೆಯಿಂದಲೂ ಮೊದಲಿಗಿಂತ ವೇಗವಾಗಿ ತೇವವನ್ನು ಹೀರುತ್ತದೆ. ಮಳೆ ಬಂದಾಗಲೋ, ಹಾಗೆ ಕೂಡಿಟ್ಟ ನೀರನ್ನು ಒಂದೇ ಸಲಕ್ಕೆ ಸುರಿದುಬಿಡುತ್ತದೆ. ಮಧ್ಯಭಾರತದಲ್ಲಿ ಒಂದೇ ದಿನಕ್ಕೆ ಆರು ಅಂಗುಲಕ್ಕಿಂತ ಹೆಚ್ಚು ಸುರಿಯುವ ಮಳೆಗಳು 1950 ರಿಂದ 2015ರ ಅವಧಿಯಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಹೆಚ್ಚಾದುವೆಂದು ಮೇಲೆ ಹೇಳಿದ ವರದಿಯೇ ತಿಳಿಸುತ್ತದೆ. ಬರವೂ ನೆರೆಯೂ ಒಂದೇ ತಾಯಿಯ ಮಕ್ಕಳೆಂಬುದು ಇದರಿಂದ ವಿದಿತವಾಗುವುದು.

ಪೈರಿನ ಮೇಲೆ ಬೇಗೆಯ ಕಾರ್ಯವು ಇದಕ್ಕಿಂತ ಸೂಕ್ಷ್ಮವಾದುದು. ಭತ್ತವು ಹೂಬಿಡುವುದು ಬೆಳಗಿನ ಹೊತ್ತು ಕೆಲವೇ ತಾಸುಗಳ ಕಾಲ. ಆ ಸಮಯದಲ್ಲಿ ಉಷ್ಣಮಾನವು 35 ಡಿಗ್ರಿಯನ್ನು ಮೀರಿದರೆ ಪರಾಗವು ಸತ್ವಗುಂದುತ್ತದೆ. ತೆನೆ ನೋಡಲು ತುಂಬಿದಂತಿದ್ದರೂ ಕೈಯಲ್ಲಿ ಹಿಸುಕಿದರೆ ಜೊಳ್ಳು. ಜನವರಿಯಲ್ಲಿ ನಾಟಿ ಮಾಡಿದ ಎರಡನೆಯ ಬೆಳೆಯು ಹೂವಾಗುವುದು ನಮ್ಮಲ್ಲಿ ಬಿಸಿಲು ಏರುವ ಮಾರ್ಚ್ ಏಪ್ರಿಲಿನಲ್ಲಿಯೇ ಎಂಬುದನ್ನು ಮರೆಯಬಾರದು. ಇನ್ನು ರಾತ್ರಿಯ ಸೆಕೆ. ಹಗಲು ಗಿಡವು ಬಿಸಿಲಿನಲ್ಲಿ ಸಕ್ಕರೆಯನ್ನು ತಯಾರಿಸುತ್ತದೆ. ರಾತ್ರಿ ಉಸಿರಾಡುತ್ತ ಅದರಲ್ಲೊಂದು ಪಾಲನ್ನು ತಾನೇ ಉಂಡುಬಿಡುತ್ತದೆ. ರಾತ್ರಿ ಬೆಚ್ಚಗಾದಷ್ಟೂ ಈ ಊಟ ಹೆಚ್ಚು, ಕಾಳಿಗೆ ಉಳಿಯುವುದು ಕಡಮೆ. ಫಿಲಿಪೀನ್ಸ್ ದ್ವೀಪಗಳ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ ವರ್ಷಾನುವರ್ಷ ಬರೆದಿಟ್ಟ ಲೆಕ್ಕಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬೇಸಗೆ ಬೆಳೆಯ ಕಾಲದ ರಾತ್ರಿಯ ಉಷ್ಣಮಾನ ಒಂದು ಡಿಗ್ರಿ ಏರಿದರೆ ಭತ್ತದ ಹುಟ್ಟುವಳಿ ನೂರಕ್ಕೆ ಹತ್ತರಷ್ಟು ಇಳಿಯಿತೆಂದು ಕಂಡುಬಂದಿದೆ. ಬೇಸಗೆಯ ಭತ್ತವನ್ನು ನೆಚ್ಚಿರುವ ಮಾನ್ವಿಯವರು ಈ ಸಂಗತಿಯನ್ನು ಗಮನಿಸತಕ್ಕದ್ದು.

ಜೋಳದ ಜಾತಿಯು ಬೇರೆ. ಅದರ ಎಲೆಯು ಬಿಸಿಲಿನಲ್ಲಿ ಕಡಮೆ ನೀರನ್ನು ಖರ್ಚುಮಾಡಿ ಹೆಚ್ಚು ಆಹಾರವನ್ನು ತಯಾರಿಸುವ ಸಾಮರ್ಥ್ಯವುಳ್ಳದ್ದು. ಎಲೆಯ ಮೇಲೆ ಮೇಣದ ಲೇಪ. ಬಾಯಾರಿದಾಗ ಎಲೆ ಸುರುಳಿಯಾಗಿ ತನ್ನನ್ನು ತಾನೇ ನೆರಳು ಮಾಡಿಕೊಳ್ಳುತ್ತದೆ. ಮಳೆ ಬಂದಾಗ ಬಿಟ್ಟಲ್ಲಿಂದ ಬೆಳವಣಿಗೆಯನ್ನು ಮುಂದುವರಿಸುತ್ತದೆ. ನಮ್ಮ ಕಡೆ ಮಾಲದಂಡಿಯೆಂದು ಪ್ರಖ್ಯಾತವಾದ ಎಂ 35-1 ತಳಿಯು ಮಹಾರಾಷ್ಟ್ರದ ಮೋಹೋಳದಲ್ಲಿ ಊರ ಜೋಳದೊಳಗಿನಿಂದಲೇ ಆಯ್ದು ತೆಗೆದುದು. ಇಷ್ಟು ವರ್ಷಗಳಾದರೂ ಹಿಂಗಾರಿ ಜೋಳದಲ್ಲಿ ಅದರ ರೊಟ್ಟಿಯ ರುಚಿಯನ್ನೂ ಕಣಿಕೆಯ ಗುಣವನ್ನೂ ಮೀರಿಸುವುದು ಹೊಸ ತಳಿಗಳಿಗೆ ಸುಲಭವಾಗಿಲ್ಲ.

ಆದರೆ ಇಂತಹ ಗಟ್ಟಿ ಪೈರಿಗೂ ಪಂಚಾಂಗ ತಪ್ಪಿದರೆ ಉಳಿವಿಲ್ಲ. ಹಿಂಗಾರಿ ಜೋಳವನ್ನು ಬಿತ್ತುವ ಸಮಯವು ಸೆಪ್ಟೆಂಬರಿನ ನಡುವಿನಿಂದ ಅಕ್ಟೋಬರಿನ ನಡುವಿನ ವರೆಗೆ, ಉತ್ತರಿ ಹಸ್ತಗಳ ಕಾಲ. ಉತ್ತರಿಯಲ್ಲಿ ಮಳೆ ಬಾರದಿದ್ದರೆ ನೆಲದಲ್ಲಿ ಹಸಿಯಿಲ್ಲ. ಹಸ್ತದಲ್ಲಿ ಬಿಡದೆ ಸುರಿದರೆ ಎರೆಯು ಕೆಸರಾಗಿ ಎತ್ತಿನ ಕಾಲು, ಟ್ರ್ಯಾಕ್ಟರಿನ ಗಾಲಿ ಎರಡನ್ನೂ ಹೂಳಿಕೊಳ್ಳುತ್ತದೆ. ನೆಲ ಹದಕ್ಕೆ ಬರುವಷ್ಟರಲ್ಲಿ ಸ್ವಾತಿ ಮುಗಿಯುತ್ತದೆ. ತಡವಾಗಿ ಬಿತ್ತಿದ ಜೋಳಕ್ಕೆ ಕಾಳು ಕಟ್ಟುವಾಗ ಹಸಿ ಸಾಲದು, ಫೆಬ್ರುವರಿಯ ಬಿಸಿಲು ಮುಟ್ಟುತ್ತದೆ. ಒಟ್ಟು ಮಳೆಯ ಅಂಗುಲಗಳನ್ನು ಕೂಡಿ ನೋಡಿದರೆ ಅಂತಹ ವರ್ಷವು ಸಾಧಾರಣ ವರ್ಷವೆಂದೇ ಕಾಣುವುದು. ಹೊಲದಲ್ಲಿ ಮಾತ್ರ ಬೆಳೆಯಿಲ್ಲ. ಸರ್ಕಾರದ ಲೆಕ್ಕಕ್ಕೂ ಒಕ್ಕಲಿಗನ ಅಳಲಿಗೂ ಹೊಂದಾಣಿಕೆಯಾಗದಿರುವುದು ಹಲವು ಸಲ ಇಲ್ಲಿಯೇ.

ಈಚಿನ ವರ್ಷಗಳನ್ನು ನೆನೆದರೆ ಸಾಕು. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಕೆಲವೇ ದಿನಗಳೊಳಗೆ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯಿಂದ ತುಂಗಭದ್ರೆ ಉಕ್ಕಿ, ಮಾನ್ವಿ ರಾಯಚೂರು ತಾಲ್ಲೂಕುಗಳ ಹೊಳೆದಂಡೆಯ ಹಳ್ಳಿಗಳನ್ನು ನುಗ್ಗಿ, ಆಚೆಯ ದಡದ ಮಂತ್ರಾಲಯವನ್ನೂ ಮುಳುಗಿಸಿತು. ರಾಜ್ಯದಲ್ಲಿ ಇನ್ನೂರಕ್ಕೆ ಮೇಲ್ಪಟ್ಟು ಜನರು ಪ್ರಾಣ ಕಳೆದುಕೊಂಡರು. 2019ರ ಆಗಸ್ಟಿನಲ್ಲಿ ಕೃಷ್ಣೆಯ ಸರದಿ: ನಾರಾಯಣಪುರದಿಂದ ಬಿಟ್ಟ ನೀರಿನಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಮುಳುಗಿತು. ಆ ನೀರಿನ ಬಹುಭಾಗವು ಮಹಾರಾಷ್ಟ್ರದ ಘಟ್ಟದ ಮಳೆಯದು; ದಂಡೆಯ ಹೊಲಗಳನ್ನು ಹೊಳೆ ನುಂಗುತ್ತಿದ್ದಾಗ ದೂರದ ಹೊಲಗಳು ಮಳೆಗಾಗಿ ಕಾಯುವುದು ಈ ನಾಡಿಗೆ ಹೊಸತಲ್ಲ. 2021ರ ನವೆಂಬರಿನಲ್ಲಿ, ಭತ್ತ ಕೊಯ್ಲಿಗೆ ಬಂದಿದ್ದಾಗ ಅಕಾಲದ ಮಳೆ ಹಿಡಿದು ತೆನೆಗಳು ನೆಲಕ್ಕೆ ಮಲಗಿದುವು. 2023ರ ಆಗಸ್ಟ್ ತಿಂಗಳಂತೂ 1901ರಿಂದ ಈಚೆಗೆ ದೇಶದಲ್ಲಿ ಅತ್ಯಂತ ಒಣ ಆಗಸ್ಟ್. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು.

ಬರವೆಂಬುದು ಹೊಸದೇನು, ನಮ್ಮ ಮುತ್ತಜ್ಜಿಯರು ಕಂಡಿರಲಿಲ್ಲವೇ ಎಂದು ಹಿರಿಯರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. 1876 ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ದಖ್ಖನ್ನಿನ ಹಳ್ಳಿಗಳೇ ಬರಿದಾದುವು. ಆಗ ಕಲ್ಲಿದ್ದಲ ಹೊಗೆ ಇಷ್ಟಿರಲಿಲ್ಲ. ಶಾಂತಸಾಗರದ ಮೇಲ್ಭಾಗದ ನೀರು ಕೆಲವು ವರ್ಷಗಳಿಗೊಮ್ಮೆ ಬೆಚ್ಚಗಾಗುವ ಎಲ್ ನಿನ್ಯೋ ಎಂಬ ವಿಪರೀತವೇ ಅಂದು ಮಳೆಯನ್ನು ಕೆಡಿಸಿದ ಮುಖ್ಯ ಕಾರಣವೆಂದು ಈಗ ತಿಳಿದಿದೆ. 2015ರಲ್ಲಿಯೂ 2023ರಲ್ಲಿಯೂ ಅದೇ ಎಲ್ ನಿನ್ಯೋ ಕಾಣಿಸಿಕೊಂಡಿತು. ವ್ಯತ್ಯಾಸವೇನೆಂದರೆ, ಅಂದಿನ ಬರವು ತಂಪಾದ ಭೂಮಿಯ ಮೇಲೆ ಬಂದಿತು, ಇಂದಿನದು ಬಿಸಿಯಾದ ಭೂಮಿಯ ಮೇಲೆ ಬರುತ್ತದೆ. ಅಷ್ಟೇ ಮಳೆ ತಪ್ಪಿದರೂ ಮಣ್ಣು ಈಗ ಬೇಗ ಒಣಗುತ್ತದೆ.

ಹಾಗೆಂದು ಎಲ್ಲ ದೋಷವನ್ನೂ ಆಕಾಶದ ಮೇಲೆ ಹೊರಿಸುವುದು ನಮಗೆ ಒಪ್ಪಿಗೆಯಿಲ್ಲ. ನೆಲದ ಮೇಲೆ ನಾವೇ ಮಾಡಿಕೊಂಡುದೂ ಬಹಳವಿದೆ. ಅದಕ್ಕೆ ಮಾನ್ವಿಯ ಕಾಲುವೆಯ ಸಂಗತಿಯು ಸಾಕ್ಷಿ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲನ್ನಿಟ್ಟರು. 1953ರಲ್ಲಿ ನೀರು ಹರಿಯಿತು. 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿಗೂ ಕಡೆಗೆ ರಾಯಚೂರಿಗೂ ಬರುತ್ತದೆ. ಬರದಿಂದ ನೊಂದ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರನ್ನು ಹಂಚಿ ಜೋಳ, ಹತ್ತಿ ಮುಂತಾದ ಲಘು ನೀರಾವರಿಯ ಬೆಳೆಗಳನ್ನು ಕಾಪಾಡುವುದೇ ಈ ಯೋಜನೆಯ ಮೂಲ ಉದ್ದೇಶ. ಆದರೆ ಕಾಲುವೆಯ ತಲೆಯ ಕಡೆಯವರು ಭತ್ತವನ್ನು ಹಿಡಿದರು. ಅವರನ್ನು ನೋಡಿ ನಡುವಿನವರೂ ಹಿಡಿದರು. ಭತ್ತದ ಒಂದು ಬೆಳೆಗೆ ಸಾವಿರ ಮಿಲಿಮೀಟರಿಗೂ ಮೀರಿ ನೀರು ಬೇಕು; ಜೋಳಕ್ಕೆ ಅದರ ಅರ್ಧಕ್ಕಿಂತಲೂ ಕಡಮೆ ಸಾಕು. ಹೀಗಾಗಿ ಮಾನ್ವಿ ರಾಯಚೂರುಗಳ ಕೊನೆಯ ಭಾಗದವರು ನೀರಿಗಾಗಿ ವರ್ಷವರ್ಷವೂ ಕಾಯುವುದೂ ರಸ್ತೆಯಲ್ಲಿ ಕುಳಿತುಕೊಳ್ಳುವುದೂ ಮಾಮೂಲಾಗಿದೆ. ಮೇಲಿನವರ ಹೊಲಗಳಿಗೂ ಇದರಿಂದ ಸುಖವಾಗಿಲ್ಲ. ಹೆಚ್ಚು ನೀರು ನಿಂತು ನಿಂತು ಕೆಳಗಿನ ಉಪ್ಪು ಮೇಲಕ್ಕೆ ಬಂದು, ಯೋಜನೆಯ ಪ್ರದೇಶದಲ್ಲಿ ಒಂದು ಲಕ್ಷ ಹೆಕ್ಟೇರಿಗೆ ಹತ್ತಿರವಾಗಿ ಭೂಮಿಯು ಸವುಳು ಜವುಳಿಗೆ ತುತ್ತಾಗಿದೆ.

ಜಲಾಶಯವಾದರೂ ಮೊದಲಿನದಲ್ಲ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದುದು ಹೂಳು ತುಂಬಿ ಈಗ 105ರ ಸಮೀಪಕ್ಕೆ ಇಳಿದಿದೆ. 2023ರಲ್ಲಿ ಅದು ತುಂಬಲೇ ಇಲ್ಲ; ಎರಡನೆಯ ಬೆಳೆಗೆ ನೀರು ದೊರೆಯಲಿಲ್ಲ. ಮರುವರ್ಷ ಚೆನ್ನಾಗಿ ತುಂಬಿತೆಂದು ಸಂತೋಷಪಡುತ್ತಿರುವಾಗಲೇ, 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕವಾದ ತಡೆಯನ್ನು ಇಳಿಸಿದ ಕೆಲಸಗಾರರ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಮೆಯೇ. ಅಷ್ಟರೊಳಗೆ ಎಷ್ಟೋ ನೀರು ಹೊಳೆಗೆ ಹೋಗಿತ್ತು; ಆ ವರ್ಷ ಮತ್ತೆ ಮಳೆಯಾಗಿ ಜಲಾಶಯ ತುಂಬಿದ್ದು ನಮ್ಮ ಪುಣ್ಯ. 2025ರಲ್ಲಿ ಗೇಟುಗಳ ಭದ್ರತೆಗಾಗಿ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಿಗೊಳಿಸಿ, ಅವುಗಳನ್ನು ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನಿಸಿದರು. ಒಂದು ವರ್ಷ ಮಳೆಯಿಲ್ಲದೆ, ಇನ್ನೊಂದು ವರ್ಷ ಮಳೆಯಿದ್ದೂ ಬಾಗಿಲಿಲ್ಲದೆ ಹೊಲ ಒಣಗಿತು. ಹವೆ ಹೀಗೆ ಅಸ್ಥಿರವಾದ ಕಾಲದಲ್ಲಿ ಎಪ್ಪತ್ತು ವರ್ಷದ ಕಬ್ಬಿಣವನ್ನು ನಂಬಿಕೊಂಡು ಎರಡು ಭತ್ತದ ಬೆಳೆಗಳ ಕನಸನ್ನು ಕಾಣುವುದು ಸಾಹಸವೇ ಸರಿ.

ಮಾನ್ವಿ ಸಿಂಧನೂರುಗಳ ಒಕ್ಕಲಿಗರು ಸುಮ್ಮನೆ ಕುಳಿತಿಲ್ಲ. ಕಾಲುವೆಯ ನೀರು ತಡವಾಗುತ್ತ ಬಂದಾಗ ಅವರಲ್ಲಿ ಅನೇಕರು ಕೂರಿಗೆ ಭತ್ತಕ್ಕೆ ತಿರುಗಿದರು. ಸಸಿಮಡಿ ಮಾಡದೆ, ಗದ್ದೆಯನ್ನು ಕೆಸರು ಮಾಡದೆ, ಮುಂಗಾರಿಯ ಹದಕ್ಕೆ ಒಣ ಹೊಲದಲ್ಲಿಯೇ ಕೂರಿಗೆಯಿಂದ ಭತ್ತವನ್ನು ಬಿತ್ತುವ ಪದ್ಧತಿಯಿದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಇದನ್ನು ಪ್ರೋತ್ಸಾಹಿಸಿತು. ನೀರು ಉಳಿಯುತ್ತದೆ, ಖರ್ಚು ಇಳಿಯುತ್ತದೆ. ನಿಂತ ನೀರಿನ ಕೆಸರಿನಲ್ಲಿ ಹುಟ್ಟುವ ಮೀಥೇನ್ ಎಂಬ ಮತ್ತೊಂದು ಶಾಖವರ್ಧಕ ವಾಯುವೂ ಕಡಮೆಯಾಗುತ್ತದೆ. ಹವೆಗೆ ಹೊಂದಿಕೊಂಡು ನಡೆಯುವುದೆಂದರೇನೆಂದು ಕೇಳಿದವರಿಗೆ ನಮ್ಮ ಜಿಲ್ಲೆಯಿಂದ ತೋರಿಸಬಹುದಾದ ಒಳ್ಳೆಯ ಉದಾಹರಣೆಯಿದು.

ಆದರೆ ಇದರ ಇನ್ನೊಂದು ಮುಖವನ್ನು ಈ ಸಂಚಿಕೆಯಲ್ಲಿ ಹೇಳದಿದ್ದರೆ ಮತ್ತೆಲ್ಲಿ ಹೇಳಬೇಕು? ಭತ್ತದ ನಾಟಿಯು ಹೆಂಗಸರ ಕೆಲಸ. ದೇವದುರ್ಗದ ಒಣಹಳ್ಳಿಗಳಿಂದಲೂ ಮಾನ್ವಿಯ ಮೇಲುಭಾಗದ ಊರುಗಳಿಂದಲೂ ಗುಂಪುಕಟ್ಟಿಕೊಂಡು ಹೋಗಿ, ಬಾಗಿದ ಬೆನ್ನನ್ನು ಎತ್ತದೆ ಎಕರೆಗಟ್ಟಲೆ ನಾಟಿ ಮಾಡಿ ಅವರು ತರುತ್ತಿದ್ದ ಕೂಲಿಯು ಜುಲೈ ಆಗಸ್ಟ್ ತಿಂಗಳುಗಳ ಮನೆಯ ಖರ್ಚಿಗೂ ಮಕ್ಕಳ ಪುಸ್ತಕಗಳಿಗೂ ಆಗುತ್ತಿತ್ತು. ಕೂರಿಗೆ ಬಂದ ಹೊಲದಲ್ಲಿ ಆ ಕೆಲಸವಿಲ್ಲ. ಕಳೆ ಹೆಚ್ಚಾಗುವುದರಿಂದ ಕಳೆ ಕೀಳುವ ಕೂಲಿಯಾದರೂ ಹೆಚ್ಚೀತೆಂದರೆ, ಕಳೆನಾಶಕವನ್ನು ಸಿಂಪಡಿಸಿ ಅದನ್ನೂ ಮುಗಿಸುತ್ತಾರೆ. ಸಿಂಪಡಿಸುವ ಯಂತ್ರವು ಗಂಡಸರ ಹೆಗಲಿನದು. ಹೊಲದ ಯಜಮಾನನಿಗೆ ಉಳಿತಾಯವೆಂದು ಬರೆದ ಮೊತ್ತದಲ್ಲಿ ಒಂದು ಪಾಲು ಕೂಲಿಯವಳ ಕೈಯಿಂದ ಹೋದುದು. ಕೂರಿಗೆ ಭತ್ತವು ಬೇಡವೆಂದು ನಾವು ಹೇಳುವುದಿಲ್ಲ. ನೀರೇ ಇಲ್ಲದಿದ್ದರೆ ನಾಟಿಯೂ ಇಲ್ಲ, ಕೂಲಿಯೂ ಇಲ್ಲ. ಆದರೆ ಹೊಸ ಪದ್ಧತಿಯ ಲಾಭವನ್ನು ಲೆಕ್ಕ ಹಾಕುವವರು ಈ ಕಲಮನ್ನೂ ಬರೆಯುವುದು ಧರ್ಮ. ಕೂರಿಗೆ, ಸಿಂಪರಣೆ, ಯಂತ್ರಗಳ ದುರಸ್ತಿ ಇವುಗಳಲ್ಲಿ ಹೆಂಗಸರಿಗೂ ತರಬೇತಿ ಕೊಟ್ಟರೆ ಆ ನಷ್ಟವು ಸ್ವಲ್ಪಮಟ್ಟಿಗೆ ತುಂಬೀತು.

ಇನ್ನು ದೇವದುರ್ಗದ ಕಡೆಗೆ ತಿರುಗೋಣ. ನಾರಾಯಣಪುರ ಬಲದಂಡೆ ಕಾಲುವೆಯು ತಾಲ್ಲೂಕಿನ ಒಂದು ಭಾಗಕ್ಕೆ ನೀರು ತಂದಿರುವುದು ನಿಜ. ಉಳಿದ ಭೂಮಿಗೆ ಮೋಡವೇ ಗತಿ. 2002ರಲ್ಲಿ ಡಾಕ್ಟರ್ ನಂಜುಂಡಪ್ಪನವರ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಹೆಸರಿಸಿದಾಗ ದೇವದುರ್ಗವು ಅದರಲ್ಲಿತ್ತು. ಒಣಬೇಸಾಯಕ್ಕೆ ವಿದ್ಯೆ ಹೊರಗಿನಿಂದಲೇ ಬರಬೇಕೆಂದು ಭಾವಿಸುವವರಿಗೆ ಒಂದು ಹಳೆಯ ಸಂಗತಿಯನ್ನು ನೆನಪುಮಾಡಿಕೊಡುವೆವು. 1930ರ ದಶಕದಲ್ಲಿ ಹಿಂದೂಸ್ಥಾನದಲ್ಲಿ ಒಣಬೇಸಾಯದ ಸಂಶೋಧನೆಗಾಗಿ ಆರಿಸಿದ ಐದು ಸ್ಥಳಗಳು ರೋಹತಕ್, ಸೊಲ್ಲಾಪುರ, ವಿಜಾಪುರ, ಹಗರಿ ಮತ್ತು ನಮ್ಮ ರಾಯಚೂರು. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದ ಈ ಊರಿನ ಹೊಲಗಳಲ್ಲಿ ಅಂದು ಪರೀಕ್ಷಿಸಿದ ಉಪಾಯಗಳು ಇಂದಿಗೂ ಹಳಸಿಲ್ಲ: ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯ ಒಡ್ಡು ಹಾಕುವುದು; ಬೀಜವನ್ನು ವಿರಳವಾಗಿ ಸಾಲು ಅಗಲಿಸಿ ಬಿತ್ತುವುದು; ಮೇಲಿಂದ ಮೇಲೆ ಎಡೆಹೊಡೆದು ಬಿರುಕುಗಳನ್ನು ಮುಚ್ಚುವುದು. ಕೊನೆಯದರ ಮರ್ಮವನ್ನು ಹೇಳಬೇಕು. ಎರೆಯ ಬಿರುಕೆಂದರೆ ನೆಲದ ಹಸಿಯು ತಪ್ಪಿಸಿಕೊಂಡು ಹೋಗುವ ಕಿಟಕಿ. ಕುಂಟೆಯು ಮೇಲಿನ ಮಣ್ಣನ್ನು ಪುಡಿಮಾಡಿ ಕಿಟಕಿಗೆ ಪರದೆ ಹಾಕುತ್ತದೆ. ಬೇಗೆ ಹೆಚ್ಚಾದ ಈ ದಿನಗಳಲ್ಲಿ ಆ ಪರದೆಯು ಮೊದಲಿಗಿಂತಲೂ ಬೆಲೆಯುಳ್ಳದ್ದು.

ಅವಕ್ಕೆ ಹೊಸವು ಕೆಲವು ಸೇರಿವೆ. ಹಿಂಗಾರಿಗೆ ಮೀಸಲಾದ ಹೊಲವನ್ನು ಮುಂಗಾರಿಯಲ್ಲಿಯೇ ಚಿಕ್ಕ ಚಿಕ್ಕ ಚೌಕು ಮಡಿಗಳಾಗಿ ಮಾಡಿಬಿಟ್ಟರೆ ರಭಸದ ಮಳೆ ಬಂದರೂ ನೀರು ಹರಿದು ಹಳ್ಳ ಸೇರದೆ ಅಲ್ಲಲ್ಲಿಯೇ ಇಂಗುತ್ತದೆ. ಕೃಷಿಭಾಗ್ಯವೆಂಬ ಯೋಜನೆಯಡಿ 2014ರಿಂದ ಹೊಲಗಳಲ್ಲಿ ತೋಡಿಸಿದ ಹೊಂಡಗಳು ಕಾಳು ಕಟ್ಟುವ ವೇಳೆಯಲ್ಲಿ ಒಂದೇ ಒಂದು ನೀರನ್ನು ಕೊಡಲು ಸಮರ್ಥವಾದರೂ ಸಾಕು, ಬೆಳೆ ಉಳಿಯುತ್ತದೆ. ತೊಗರಿಯ ಸಸಿಗಳನ್ನು ಮೇ ತಿಂಗಳಲ್ಲಿ ಚೀಲಗಳಲ್ಲಿ ಬೆಳೆಸಿ ಮಳೆ ಬಂದಾಗ ನಾಟಿ ಮಾಡುವ ಪದ್ಧತಿಯು ಬೀದರಿನ ಕಡೆಯಿಂದ ಹಬ್ಬಿದೆ. ಮಳೆ ತಡವಾದರೂ ಗಿಡದ ವಯಸ್ಸು ತಡವಾಗದು. ತೊಗರಿಗೆ ಇಂತಹ ಎಚ್ಚರ ಅವಶ್ಯಕ. 2022ರಲ್ಲಿ ಅತಿವೃಷ್ಟಿಯ ತರುವಾಯ ಕಲಬುರ್ಗಿಯ ಸೀಮೆಯಲ್ಲಿ ಕಾಯಿ ಹಿಡಿದು ನಿಂತ ತೊಗರಿಯು ನೆಟೆರೋಗದಿಂದ ಒಣಗಿಹೋದುದನ್ನು ನೆರೆಯವರಾದ ನಾವು ಕಂಡಿದ್ದೇವೆ. ಕಡಲೆಯಲ್ಲಿ ಜೆ.ಜಿ. 11ರಂತಹ ಅಲ್ಪಾವಧಿಯ ತಳಿಗಳು ಬಿಸಿಲು ಏರುವ ಮುಂಚೆಯೇ ಮಾಗುವುದರಿಂದ ಎರೆಹೊಲಗಳಿಗೆ ಒಗ್ಗಿವೆ. ಎಲ್ಲಕ್ಕಿಂತ ಮುಖ್ಯವಾದುದು ಒಂದೇ ಬೆಳೆಗೆ ಇಡೀ ಹೊಲವನ್ನು ಒಪ್ಪಿಸದಿರುವುದು. ತೊಗರಿಯ ಸಾಲಿನ ನಡುವೆ ಸಜ್ಜೆಯೋ ಹೆಸರೋ ಇದ್ದರೆ ಒಂದು ಹೋದಾಗ ಇನ್ನೊಂದು ಕೈಹಿಡಿಯುತ್ತದೆ. ಅಕ್ಕಡಿಯನ್ನು ಬಲ್ಲ ನಮ್ಮ ಅಜ್ಜಿಯರಿಗೆ ಇದನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿರಲಿಲ್ಲ. ಇಡೀ ಹೊಲಕ್ಕೆ ಹತ್ತಿಯನ್ನೇ ಹಾಕುವ ಚಟವು ಈಚಿನದು.

ಜೋಳದಷ್ಟು ನಮಗೆ ಹೊಂದುವ ಬೆಳೆಯಿದ್ದರೂ ಒಕ್ಕಲಿಗನು ನೀರು ಕಂಡಲ್ಲೆಲ್ಲ ಭತ್ತಕ್ಕೆ ಓಡುವುದೇಕೆ? ಅವನನ್ನು ಬೈಯುವುದರಿಂದ ಪ್ರಯೋಜನವಿಲ್ಲ. 2024-25ರಲ್ಲಿ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆಯು ಭತ್ತಕ್ಕೆ ಕ್ವಿಂಟಾಲಿಗೆ 2,300 ರೂಪಾಯಿ, ಜೋಳಕ್ಕೆ 3,371 ರೂಪಾಯಿ. ಬೆಲೆಯಲ್ಲಿ ಜೋಳವೇ ಮೇಲು. ಆದರೆ ಒಂದು ಎಕರೆ ಗದ್ದೆಯಲ್ಲಿ ಇಪ್ಪತ್ತು ಕ್ವಿಂಟಾಲಿಗೂ ಮೀರಿ ಭತ್ತ ಬಂದರೆ, ಮಳೆಯಾಧಾರದ ಎಕರೆಯಲ್ಲಿ ಜೋಳವು ನಾಲ್ಕೈದು ಕ್ವಿಂಟಾಲು ಬಂದರೆ ಹೆಚ್ಚು. ಮೇಲಾಗಿ ಭತ್ತವನ್ನು ಕೊಳ್ಳಲು ಗಿರಣಿಗಳು ಬಾಗಿಲಲ್ಲಿಯೇ ಇವೆ. ಪಡಿತರದಲ್ಲಿ ವರ್ಷವೆಲ್ಲ ಅಕ್ಕಿಯನ್ನೇ ಕೊಟ್ಟುದರಿಂದ ರೊಟ್ಟಿಯ ಮನೆಗಳಲ್ಲಿಯೂ ಅನ್ನ ಬೇರೂರಿತು. ಜೋಳವನ್ನು ಬೆಳೆಯಿರೆಂದು ಉಪದೇಶಿಸುವುದಕ್ಕಿಂತ, ಅದನ್ನು ಹೊತ್ತಿಗೆ ಸರಿಯಾಗಿ ಕೊಂಡು ಪಡಿತರದಲ್ಲಿಯೂ ಶಾಲೆಯ ಬಿಸಿಯೂಟದಲ್ಲಿಯೂ ಬಡಿಸಿದರೆ ಹೆಚ್ಚು ಜೋಳವನ್ನು ಬೆಳೆಯಿಸಿದಂತಾಗುವುದು.

ಇನ್ನು ಮನೆಯಲ್ಲಿ ಕುಳಿತೇ ಮಾಡಬಹುದಾದ ಎರಡು ಮಾತುಗಳನ್ನು, ಓದುಬರಹ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ತಿಳಿಸುವೆವು. ಮೊದಲನೆಯದು ಮುನ್ಸೂಚನೆ. ಹವಾಮಾನ ಇಲಾಖೆಯೂ ಕೃಷಿ ವಿಶ್ವವಿದ್ಯಾಲಯವೂ ಕೂಡಿ ವಾರಕ್ಕೆರಡು ಬಾರಿ, ಮಂಗಳವಾರ ಶುಕ್ರವಾರಗಳಂದು, ಮುಂದಿನ ಐದು ದಿನಗಳ ಮಳೆಗಾಳಿಯನ್ನೂ ಅದಕ್ಕೆ ತಕ್ಕ ಸಲಹೆಯನ್ನೂ ಕನ್ನಡದಲ್ಲಿ ಪ್ರಕಟಿಸುತ್ತವೆ. ಕೆಟ್ಟ ಪಂಚಾಂಗಕ್ಕೆ ಸದ್ಯಕ್ಕೆ ಇದೇ ಬದಲಿ. ಕೈಯಲ್ಲಿ ಮೊಬೈಲ್ ಇರುವ ಮಗಳು ಅದನ್ನು ಓದಿ ಹೇಳಿದರೆ ಬಿತ್ತುವ ದಿನವನ್ನೂ ಔಷಧ ಹೊಡೆಯುವ ದಿನವನ್ನೂ ಆರಿಸಿಕೊಳ್ಳಬಹುದು.

ಎರಡನೆಯದು ಬೆಳೆವಿಮೆ. 2016ರಲ್ಲಿ ಆರಂಭವಾದ ಯೋಜನೆಯಂತೆ ಒಕ್ಕಲಿಗನು ಕಟ್ಟಬೇಕಾದ ಕಂತು ಆಹಾರಧಾನ್ಯಗಳಿಗೆ ಮುಂಗಾರಿಯಲ್ಲಿ ವಿಮಾಮೊತ್ತದ ನೂರಕ್ಕೆ ಎರಡು, ಹಿಂಗಾರಿಯಲ್ಲಿ ಒಂದೂವರೆ. ಹತ್ತಿಯಂತಹ ವಾಣಿಜ್ಯ ಬೆಳೆಗೆ ಐದು. ನಷ್ಟವನ್ನು ಸಾಮಾನ್ಯವಾಗಿ ಗ್ರಾಮ ಪಂಚಾಯತಿಯೋ ಹೋಬಳಿಯೋ ಒಂದು ಘಟಕವೆಂದು ಹಿಡಿದು ಲೆಕ್ಕಹಾಕುತ್ತಾರೆ. ಒಬ್ಬನ ಹೊಲ ಮಾತ್ರ ಕೆಟ್ಟರೆ ಸಿಗುವುದಿಲ್ಲವೆಂಬ ದೂರು ಬರುವುದು ಇದರಿಂದಲೇ. ಆಲಿಕಲ್ಲು ಮೊದಲಾದ ಸ್ಥಳೀಯ ವಿಪತ್ತಾದರೆ, ಅಥವಾ ಕೊಯ್ದು ಒಣಗಲು ಹರಡಿದ ಬೆಳೆಯು ಹದಿನಾಲ್ಕು ದಿನಗಳೊಳಗೆ ಅಕಾಲದ ಮಳೆಗೆ ಸಿಕ್ಕಿದರೆ, 72 ತಾಸುಗಳೊಳಗೆ ತಿಳಿಸಿದವರ ಹೊಲವನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಮೂರನೆಯ ದಿನ ದಾಟಿದ ಮೇಲೆ ಅಳುವುದು ವ್ಯರ್ಥ.

ಈ ವಿಮೆಯಾಗಲಿ, ಬರದ ಪರಿಹಾರವಾಗಲಿ, ಬ್ಯಾಂಕಿನ ಸಾಲವಾಗಲಿ ಪಹಣಿಯಲ್ಲಿ ಹೆಸರಿದ್ದವರನ್ನು ಹುಡುಕಿಕೊಂಡು ಬರುವುದೇ ಹೊರತು ಹೊಲದಲ್ಲಿ ದುಡಿದವರನ್ನಲ್ಲ. ಗಂಡನು ಗುಳೆ ಹೋದಾಗ ಊರಿನಲ್ಲಿ ಉಳಿದು ಬೇಸಾಯವನ್ನು ನಡೆಸುವ ಹೆಂಗಸಿನ ಹೆಸರು ಪಹಣಿಯಲ್ಲಿ ಎಷ್ಟು ಮನೆಗಳಲ್ಲಿದೆ? ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಜಾರಿಗೆ ತಂದಿತು. 2005ರಲ್ಲಿ ಇಡೀ ದೇಶಕ್ಕೆ ಅದೇ ಕಾನೂನಾಯಿತು. ಆ ಹೆಸರನ್ನು ಬರೆಯಿಸಲು ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿಯನ್ನು ಕೊಡಬೇಕಾದವರು ಅವರೇ, ಇಲ್ಲವೆ ಅವರ ತಂದೆತಾಯಿಗಳೇ.